ಬಳಚಿನ ಕ್ರೋಮೋಸೋಮ್ ಎಣಿಸುವುದು ಹೇಗೆ? ನದೀಮುಖದಿಂದ ಸ್ಲೈಡಿನವರೆಗೆ

ಮೊದಲ ಸಲ ಬಳಚಿನ, ಅಂದರೆ ನದೀಮುಖದ ಮರಳಲ್ಲಿ ಸಿಗುವ ಎರಡು ಚಿಪ್ಪಿನ ಪ್ರಾಣಿಯ, ಕ್ರೋಮೋಸೋಮ್ ನೋಡಲು ಹೊರಟಾಗ ಮೂರು ದಿನ ಕೂತು ನಲವತ್ತು ಸ್ಲೈಡ್ ಮಾಡಿದ್ದೆ. ಬಣ್ಣ ಚೆನ್ನಾಗಿ ಹಿಡಿದಿತ್ತು. ಜೀವಕೋಶಗಳೂ ಸಾವಿರಗಟ್ಟಲೆ ಇದ್ದವು. ಆದರೆ ಕಂಡದ್ದೆಲ್ಲ ದುಂಡಗಿನ ನ್ಯೂಕ್ಲಿಯಸ್. ಒಂದು ಕ್ರೋಮೋಸೋಮೂ ಸಿಗಲಿಲ್ಲ. ರಾಸಾಯನಿಕ ಹಳೆಯದಾಗಿರಬೇಕು ಅಂದುಕೊಂಡು ಹೊಸದು ತರಿಸಿದೆ. ಆಗಲೂ ಅಷ್ಟೇ.

ತಪ್ಪು ಬಾಟಲಿಯಲ್ಲಿರಲಿಲ್ಲ. ನಾನು ತಂದ ಬಳಚು ಎರಡು ದಿನ ಚೀಲದಲ್ಲೇ ಬಿದ್ದಿತ್ತು. ಚಿಪ್ಪು ಬಿಗಿ ಮುಚ್ಚಿಕೊಂಡು ಹೇಗೋ ಜೀವ ಹಿಡಿದುಕೊಂಡಿತ್ತು. ಕೋಶ ಎರಡಾಗಿ ಒಡೆಯುವ ಹೊತ್ತಿನಲ್ಲಿ ಮಾತ್ರ ಕ್ರೋಮೋಸೋಮ್‌ಗಳು ದಪ್ಪಗಾಗಿ ಕಣ್ಣಿಗೆ ಬೀಳುತ್ತವೆ. ಬೆಳವಣಿಗೆಯನ್ನೇ ನಿಲ್ಲಿಸಿದ ಪ್ರಾಣಿಯಲ್ಲಿ ಆ ಹೊತ್ತು ಬರುವುದೇ ಇಲ್ಲ. ಹಾಗಾಗಿ ಈ ಕೆಲಸದ ಅರ್ಧಕ್ಕಿಂತ ಜಾಸ್ತಿ ಭಾಗ ಬಳಚನ್ನು ಖುಷಿಯಾಗಿ ಇಡುವುದು. ಉಳಿದದ್ದು ಕೈಚಳಕ. ಅದು ನಾಲ್ಕು ಸಲ ಮಾಡಿದರೆ ತಾನಾಗಿ ಬರುತ್ತದೆ.

ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರು, ಕರಾವಳಿಯ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು, ಒಂದು ಒಳ್ಳೆಯ ಮೈಕ್ರೋಸ್ಕೋಪ್ ಸಿಕ್ಕರೆ ಕೈಯಾರೆ ಮಾಡಿ ನೋಡಬೇಕು ಅನ್ನುವವರು, ಇವರನ್ನೆಲ್ಲ ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಯಾಕೆ ಎಣಿಸಬೇಕು?

ಎರಡು ಚಿಪ್ಪಿನ ಪ್ರಾಣಿಗಳಲ್ಲಿ ಕ್ರೋಮೋಸೋಮ್ ಸಂಖ್ಯೆ ಗುಂಪಿನಿಂದ ಗುಂಪಿಗೆ ಬೇರೆ. ಕ್ರಾಸಾಸ್ಟ್ರಿಯ ಬಳಗದ ಸಿಂಪಿಗಳಲ್ಲಿ 20. ಯುರೋಪಿನ ನೀಲಿ ಮಸೆಲ್‌ನಲ್ಲಿ 28. ನಮ್ಮ ಕಡಲ ಬಂಡೆಗಳಿಗೆ ಅಂಟಿಕೊಂಡಿರುವ ಹಸಿರು ಮಸೆಲ್, ಅಂದರೆ ಮಂಗಳೂರು ಕಡೆಯ ಪಚ್ಚಿಲೆಯಲ್ಲಿ 30. ಅಟ್ಲಾಂಟಿಕ್ ತೀರದ ಮೆತ್ತನೆ ಚಿಪ್ಪಿನ ಮಯಾ ಅರೆನಾರಿಯಾದಲ್ಲಿ 34. ಕುಮಟಾ ಕಡೆ ನಾವು ಬಳಚು ಅನ್ನುವ, ತುಳುವಿನಲ್ಲಿ ಮರುವಾಯಿ ಅನ್ನುವ ಚಿಪ್ಪುಗಳು ಹೆಚ್ಚಾಗಿ ವೆನೆರಿಡೆ ಕುಟುಂಬದವು. ಈ ಕುಟುಂಬದಲ್ಲಿ ನೋಡಿರುವ ಜಾತಿಗಳಲ್ಲಿ ಬಹುಪಾಲು 38. ಜಪಾನ್, ಕೊರಿಯಾ, ಇಟಲಿಯಲ್ಲಿ ಸಾಕುವ ಮನಿಲಾ ಕ್ಲ್ಯಾಮ್‌ಗೂ 38, ಅಮೆರಿಕದ ದಪ್ಪ ಚಿಪ್ಪಿನ ಮರ್ಸಿನೇರಿಯಾಗೂ 38.

ಸಂಖ್ಯೆ ಒಂದೇ ಆದರೂ ಆಕಾರ ಒಂದೇ ಅಲ್ಲ. ಹೊರಗಿನಿಂದ ಅವಳಿಯಂತೆ ಕಾಣುವ ಎರಡು ಜಾತಿಗಳನ್ನು ಕ್ರೋಮೋಸೋಮ್ ತೋಳುಗಳ ಉದ್ದದಿಂದ ಬೇರೆ ಮಾಡಬಹುದು. ಸಾಕಣೆಯವರಿಗೂ ಇದು ಬೇಕು. 1981ರಲ್ಲಿ ಸ್ಟ್ಯಾನ್ಲಿ, ಆ್ಯಲೆನ್, ಹಿಡು ಎಂಬ ಮೂವರು ಅಮೆರಿಕದ ಸಿಂಪಿಯ ಮೊಟ್ಟೆಗಳಿಗೆ ಸೈಟೊಕ್ಯಾಲಸಿನ್ ಬಿ ಅನ್ನುವ ರಾಸಾಯನಿಕ ಕೊಟ್ಟು, ಎರಡರ ಬದಲು ಮೂರು ಸೆಟ್ ಕ್ರೋಮೋಸೋಮ್ ಇರುವ ಸಿಂಪಿ ಮಾಡಿ ತೋರಿಸಿದರು. 20 ಇರಬೇಕಾದಲ್ಲಿ 30. ಇಂಥ ಸಿಂಪಿ ಮೊಟ್ಟೆ, ವೀರ್ಯಕ್ಕೆ ಹೆಚ್ಚು ಶಕ್ತಿ ಖರ್ಚು ಮಾಡುವುದಿಲ್ಲ. ಹಾಗಾಗಿ ಬೇಸಿಗೆಯಲ್ಲೂ ಮಾಂಸ ತುಂಬಿರುತ್ತದೆ. ಮರಿ ನಿಜವಾಗಿ ಮೂರು ಸೆಟ್ಟಿನದೋ ಅಲ್ಲವೋ ಅಂತ ನೋಡಲು ಕ್ರೋಮೋಸೋಮ್ ಎಣಿಸುವುದು ನೇರವಾದ ದಾರಿ.

ಇನ್ನೊಂದು ಕಾರಣವೂ ಇದೆ. ಮಯಾ ಅರೆನಾರಿಯಾದಲ್ಲಿ ರಕ್ತದ ಕ್ಯಾನ್ಸರಿನಂಥ ಒಂದು ಕಾಯಿಲೆ ಬರುತ್ತದೆ. ಕ್ಯಾನ್ಸರ್ ಕೋಶಗಳೇ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟುತ್ತವೆ ಅನ್ನುವುದು 2015ರಲ್ಲಿ ಗೊತ್ತಾಯಿತು. ಆ ಕೋಶಗಳಲ್ಲಿ ಕ್ರೋಮೋಸೋಮ್ ಸಂಖ್ಯೆ ಸಹಜವಾಗಿರುವುದಿಲ್ಲ. ಸಹಜ ಸಂಖ್ಯೆ ಎಷ್ಟು ಅಂತ ಮೊದಲು ಗೊತ್ತಿದ್ದರೆ ತಾನೆ ಅಸಹಜ ಯಾವುದು ಅಂತ ಹೇಳುವುದು?

ಬಳಚು ತರುವುದು

ಡಿಸೆಂಬರಿನಿಂದ ಏಪ್ರಿಲ್ ಒಳ್ಳೆಯ ಕಾಲ. ಕುಮಟಾ ಕಡೆಯ ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟಿಲ್ಲ, ಮಳೆಗಾಲದಲ್ಲಿ ಘಟ್ಟದ ಸಿಹಿನೀರು ಪೂರ್ತಿ ಹರಿದು ಬರುತ್ತದೆ. ಆಗ ನದೀಮುಖದ ಉಪ್ಪು ದಿನಕ್ಕೊಂದು ತರ ಇರುತ್ತದೆ, ಬಳಚಿಗೂ ಕಷ್ಟ, ನಮಗೂ ಕಷ್ಟ. ಬೇಸಿಗೆಯಲ್ಲಿ ತದಡಿ, ಮಿರ್ಜಾನದ ಕಡೆ ಇಳಿತದ ಹೊತ್ತಿಗೆ ಬಳಚು ಹೆಕ್ಕುವವರು ಮರಳ ದಿಬ್ಬಗಳಲ್ಲಿ ಇರುತ್ತಾರೆ. ಅವರನ್ನೇ ಕೇಳಿ, ದುಡ್ಡು ಕೊಟ್ಟು ತೆಗೆದುಕೊಳ್ಳಿ. ಯಾವ ದಿಬ್ಬದಲ್ಲಿ ಯಾವ ಬಳಚು ಅಂತ ಅವರಿಗೆ ಗೊತ್ತಿರುವಷ್ಟು ಪುಸ್ತಕಕ್ಕೆ ಗೊತ್ತಿಲ್ಲ.

ದೊಡ್ಡದು ಬೇಡ. ಅಡುಗೆಗೆ ದೊಡ್ಡದು ಚೆಂದ, ಕ್ರೋಮೋಸೋಮಿಗೆ ಚಿಕ್ಕದು. ಎರಡು ಸೆಂಟಿಮೀಟರ್ ಒಳಗಿನವು ಇನ್ನೂ ಬೆಳೆಯುತ್ತಿರುತ್ತವೆ, ಅವುಗಳ ಕಿವಿರಿನಲ್ಲಿ ಒಡೆಯುವ ಕೋಶ ಜಾಸ್ತಿ. ಇಪ್ಪತ್ತು ಸಾಕು. ಒದ್ದೆ ಗೋಣಿಯಲ್ಲಿ ಸುತ್ತಿ, ನೆರಳಲ್ಲಿಟ್ಟು, ಅದೇ ದಿನ ಪ್ರಯೋಗಾಲಯ ಮುಟ್ಟಿಸಿ. ಮಂಜುಗಡ್ಡೆಯ ಮೇಲೆ ನೇರವಾಗಿ ಇಡಬೇಡಿ. ಜೊತೆಗೆ ಅದೇ ಜಾಗದ ನೀರನ್ನು ಎರಡು ಕ್ಯಾನ್ ತುಂಬಿಸಿಕೊಳ್ಳಿ. ಆ ನೀರಿನ ಉಪ್ಪಿನಂಶ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ಅದರಿಂದ ದೊಡ್ಡ ಉಪಯೋಗವಿದೆ.

ಕೈ ಪಳಗಿಸಬೇಕು ಅನ್ನುವವರಿಗೆ ಒಂದು ಮಾತು: ಬಳಚಿಗಿಂತ ಮೊದಲು ಸಿಂಪಿಯಲ್ಲಿ ಮಾಡಿ. 20 ಎಣಿಸುವುದು 38 ಎಣಿಸುವುದಕ್ಕಿಂತ ಎಷ್ಟೋ ಸುಲಭ. ವಿಧಾನ ಎರಡಕ್ಕೂ ಒಂದೇ.

ಒಂದು ವಾರದ ಆರೈಕೆ

ಮೊದಲ ರಾತ್ರಿ ಸೋಸಿದ ಸಮುದ್ರದ ನೀರಿನಲ್ಲಿ, ಏರೇಟರ್ ಹಾಕಿ ಬಿಡಿ. ಹೊಟ್ಟೆಯ ಮರಳು, ಕೆಸರು ಹೊರಗೆ ಹೋಗುತ್ತದೆ. ಬೆಳಗ್ಗೆ ನೀರು ಬದಲಾಯಿಸಿ. ಬಾಯಿ ತೆರೆದೇ ಇರುವ, ಮುಟ್ಟಿದರೂ ಮುಚ್ಚದ ಬಳಚು ಕಂಡರೆ ತೆಗೆದು ಹಾಕಿ. ಸತ್ತ ಒಂದು ಬಳಚು ಇಡೀ ತೊಟ್ಟಿಯನ್ನು ಹಾಳು ಮಾಡುತ್ತದೆ.

ಆಮೇಲೆ ಊಟ. ಐಸೊಕ್ರೈಸಿಸ್, ಕೀಟೊಸಿರಾಸ್ ಮುಂತಾದ ಸೂಕ್ಷ್ಮ ಪಾಚಿಯ ಕಲ್ಚರ್ ಸಿಕ್ಕರೆ ಭಾಗ್ಯ. ಮೀನುಗಾರಿಕಾ ಕಾಲೇಜು, ಸೀಗಡಿ ಹ್ಯಾಚರಿ, ಕಡಲ ಮೀನುಗಾರಿಕೆ ಸಂಶೋಧನಾ ಕೇಂದ್ರಗಳಲ್ಲಿ ಕೇಳಿ ನೋಡಿ, ಅವರು ಬೆಳೆಸುತ್ತಿರುತ್ತಾರೆ. ನೀರು ತೆಳ್ಳಗೆ ಕಂದು ಬಣ್ಣಕ್ಕೆ ತಿರುಗುವಷ್ಟು ಹಾಕಿ. ಕೆಲವು ಗಂಟೆಯಲ್ಲಿ ನೀರು ತಿಳಿಯಾದರೆ ಬಳಚು ತಿನ್ನುತ್ತಿದೆ ಅಂತ ಅರ್ಥ. ಹೀಗೆ ಏಳರಿಂದ ಹತ್ತು ದಿನ. ಈ ಹತ್ತು ದಿನ ಉಳಿಸಲು ಹೋಗಿ ಎಷ್ಟೋ ಜನ ತಿಂಗಳು ಕಳೆದುಕೊಂಡಿದ್ದಾರೆ. ನಾನೂ ಕಳೆದುಕೊಂಡಿದ್ದೇನೆ.

ಕಾಲ್ಚಿಸಿನ್ ಕೊಡುವುದು

ಕೋಶ ಒಡೆಯುವಾಗ ಸೂಕ್ಷ್ಮ ನಾಳಗಳ ಒಂದು ಕದಿರು ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯುತ್ತದೆ. ಕಾಲ್ಚಿಸಿನ್ ಆ ಕದಿರನ್ನು ಕಟ್ಟಲು ಬಿಡುವುದಿಲ್ಲ. ಎಳೆಯುವವರಿಲ್ಲದೆ ಕ್ರೋಮೋಸೋಮ್‌ಗಳು ನಡುದಾರಿಯಲ್ಲಿ ನಿಲ್ಲುತ್ತವೆ. ನಮಗೆ ಬೇಕಾದದ್ದೂ ಅದೇ.

ಈ ಕಾಲ್ಚಿಸಿನ್ ನಮ್ಮ ಬೇಲಿಯಲ್ಲೇ ಇದೆ. ಚೌತಿಯ ಹೊತ್ತಿಗೆ ಬೆಂಕಿಯ ನಾಲಿಗೆಯಂತೆ ಅರಳುವ ಗೌರಿ ಹೂವಿನ ಗಡ್ಡೆಯಲ್ಲೂ ಬೀಜದಲ್ಲೂ ಇರುವ ವಿಷ ಇದೇ. ಗೌಟ್ ಅನ್ನುವ ಕೀಲುನೋವಿಗೆ ಡಾಕ್ಟರು ಅರ್ಧ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವ ಮಾತ್ರೆಯೂ ಇದೇ. ಮಾತ್ರೆಯಲ್ಲೇ ಅರ್ಧ ಮಿಲಿಗ್ರಾಂ ಅಂದ ಮೇಲೆ ಬಾಟಲಿಯಲ್ಲಿರುವ ಒಂದು ಗ್ರಾಂ ಎಷ್ಟು ಅಪಾಯ ಅಂತ ಯೋಚಿಸಿ. ಗ್ಲವ್ಸ್, ಮಾಸ್ಕ್ ಹಾಕದೆ ಮುಟ್ಟಬೇಡಿ. ಫ್ಯಾನ್ ಆಫ್ ಮಾಡಿ ತೂಕ ಮಾಡಿ. ಬಸುರಿಯರು ಈ ಹಂತದಲ್ಲಿ ಕೈಹಾಕಲೇಬಾರದು.

ಅಳತೆ: ನೂರಕ್ಕೆ 0.005, ಅಂದರೆ ಒಂದು ಲೀಟರ್ ಸಮುದ್ರದ ನೀರಿಗೆ 50 ಮಿಲಿಗ್ರಾಂ. ಚಿಕ್ಕ ಬಳಚು ಹತ್ತಕ್ಕೆ ಅರ್ಧ ಲೀಟರ್, 25 ಮಿಲಿಗ್ರಾಂ ಸಾಕು. ಬೆಳಕು ಬಿದ್ದರೆ ಕಾಲ್ಚಿಸಿನ್ ಕೆಡುತ್ತದೆ. ಆದ್ದರಿಂದ ಜಾಡಿಗೆ ಕಪ್ಪು ಬಟ್ಟೆಯೋ ಅಲ್ಯುಮಿನಿಯಂ ಹಾಳೆಯೋ ಸುತ್ತಿ. ಏರೇಟರ್ ಮೆಲ್ಲಗೆ ಓಡುತ್ತಿರಲಿ.

ಹೊತ್ತು: ಏಳರಿಂದ ಹತ್ತು ಗಂಟೆ. ನಾನು ರಾತ್ರಿ 10ಕ್ಕೆ ಹಾಕಿ ಬೆಳಗ್ಗೆ 6ಕ್ಕೆ ತೆಗೆಯುತ್ತೇನೆ. ಆಗ ಇಡೀ ಹಗಲು ಉಳಿದ ಕೆಲಸಕ್ಕೆ ಸಿಗುತ್ತದೆ. ಜಾಸ್ತಿ ಹೊತ್ತು ಇಟ್ಟರೆ ಜಾಸ್ತಿ ಕ್ರೋಮೋಸೋಮ್ ಸಿಗುತ್ತದೆ ಅನ್ನುವುದು ನಿಜ. ಆದರೆ ಅವು ಕುಗ್ಗಿ ಕುಗ್ಗಿ ಸಾಸಿವೆ ಕಾಳಿನಂತಾಗುತ್ತವೆ. ಎಣಿಸಬಹುದು, ತೋಳು ಅಳೆಯಲಾಗುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಗಮನವಿಟ್ಟು ನೋಡಲೇಬೇಕು. ಜಾಡಿಗೆ ಹಾಕಿದ ಮೇಲೆ ಹೊರಟು ಹೋಗಬೇಡಿ. ಒಂದು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂರಿ. ಹೊಸ ನೀರಿಗೆ ಬಿದ್ದ ಬಳಚು ಮೊದಲು ಬಿಗಿ ಮುಚ್ಚಿಕೊಳ್ಳುತ್ತದೆ. ಹತ್ತು ನಿಮಿಷವೋ ಅರ್ಧ ಗಂಟೆಯೋ ಆದ ಮೇಲೆ ಚಿಪ್ಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಾಣುತ್ತದೆ. ಆ ಸಂದಿನಿಂದ ಎರಡು ಪುಟ್ಟ ಕೊಳವೆಗಳು ಮೆಲ್ಲಗೆ ಹೊರಗೆ ಬರುತ್ತವೆ, ತುದಿಯಲ್ಲಿ ಸಣ್ಣ ಸಣ್ಣ ಕುಚ್ಚು. ಇವು ಸೈಫನ್‌ಗಳು. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ನಿಮ್ಮ ಗಡಿಯಾರ ಶುರುವಾಗಬೇಕಾದದ್ದು ಈ ಕೊಳವೆ ಹೊರಗೆ ಬಂದ ಕ್ಷಣದಿಂದ, ನೀವು ಜಾಡಿಗೆ ಹಾಕಿದ ಕ್ಷಣದಿಂದ ಅಲ್ಲ. ರಾತ್ರಿಯಿಡೀ ಮುಚ್ಚಿಕೊಂಡೇ ಇದ್ದ ಬಳಚು ಕಾಲ್ಚಿಸಿನ್ ಕುಡಿದೇ ಇರುವುದಿಲ್ಲ. ಅಂಥದ್ದನ್ನು ಬಳಸಬೇಡಿ.

ಕೆಲಸ ಮುಗಿದ ಮೇಲೆ ಆ ನೀರನ್ನು ಸಿಂಕಿಗೆ, ಚರಂಡಿಗೆ ಸುರಿಯಬೇಡಿ. ಬಾಟಲಿಗೆ ತುಂಬಿಸಿ, ವಿಷ ಅಂತ ದೊಡ್ಡದಾಗಿ ಬರೆದು, ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ. ಕಾಲ್ಚಿಸಿನ್ ಕಂಡ ಬಳಚು, ಅದರ ಉಳಿದ ಮಾಂಸ ಅಡುಗೆಮನೆಗಂತೂ ಬೇಡವೇ ಬೇಡ. ಬೆಕ್ಕಿಗೆ, ನಾಯಿಗೂ ಸಿಗಬಾರದು. ಸುಕ್ಕ ಮಾಡಲು ಬೇರೆ ಬಳಚು ತನ್ನಿ.

ಕಿವಿರು ತೆಗೆಯುವುದು

ತೆಳು ಚಾಕುವನ್ನು ಚಿಪ್ಪಿನ ಸಂದಿಗೆ ತೂರಿಸಿ, ಎರಡು ಬದಿಯ ಮುಚ್ಚುವ ಸ್ನಾಯು ಕತ್ತರಿಸಿ. ಚಿಪ್ಪು ತಾನಾಗಿ ತೆರೆದುಕೊಳ್ಳುತ್ತದೆ. ಮೇಲಿನ ತೆಳು ಪೊರೆ ಸರಿಸಿದರೆ ಸಣ್ಣಗೆ ಗೆರೆ ಗೆರೆಯಾಗಿ, ಮಡಚಿದ ಪರದೆಯಂತೆ ಕಾಣುವುದೇ ಕಿವಿರು. ಸಣ್ಣ ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ, ಸಮುದ್ರದ ನೀರಿನಲ್ಲಿ ಒಮ್ಮೆ ಅಲುಗಾಡಿಸಿ ಲೋಳೆ ತೆಗೆಯಿರಿ. ಲೋಳೆ ಉಳಿದರೆ ಸ್ಲೈಡಿನ ಮೇಲೆ ಮಸುಕು ಹಿನ್ನೆಲೆಯಾಗಿ ಕೂರುತ್ತದೆ.

ಕಿವಿರೇ ಯಾಕೆ ಅಂದರೆ ಅಲ್ಲಿ ಕೋಶಗಳು ಸವೆದು ಹೊಸದಾಗುತ್ತಲೇ ಇರುತ್ತವೆ, ತೆಳ್ಳಗಿರುವುದರಿಂದ ಔಷಧಿ ಬೇಗ ಒಳಗೆ ಹೋಗುತ್ತದೆ. ಹ್ಯಾಚರಿ ಕೈಗೆ ಸಿಗುವವರು ಕೆಲವು ಗಂಟೆಯ ಭ್ರೂಣಗಳಲ್ಲಿ ಮಾಡಬಹುದು, ಅಲ್ಲಿ ಒಡೆಯುವ ಕೋಶ ಬೇಕಾದಷ್ಟು.

ಸಿಹಿನೀರಿನ ಹಂತ

ಕೋಶವನ್ನು ಉಬ್ಬಿಸಬೇಕು. ಒಳಗೆ ಉಪ್ಪು ಜಾಸ್ತಿ, ಹೊರಗೆ ಕಡಿಮೆ ಇದ್ದರೆ ನೀರು ಒಳಗೆ ನುಗ್ಗಿ ಕೋಶ ಬಲೂನಿನಂತೆ ಊದಿಕೊಳ್ಳುತ್ತದೆ, ಒತ್ತಿಕೊಂಡಿದ್ದ ಕ್ರೋಮೋಸೋಮ್‌ಗಳು ಬಿಡಿ ಬಿಡಿಯಾಗುತ್ತವೆ. 1952ರಲ್ಲಿ ಕೋಶವಿಜ್ಞಾನಿ ಟಿ. ಸಿ. ಶು ಅವರಿಗೆ ಈ ಗುಟ್ಟು ಆಕಸ್ಮಿಕವಾಗಿ ಸಿಕ್ಕಿತು. ಯಾರೋ ತಪ್ಪಾಗಿ ತೆಳುವಾಗಿ ಬೆರೆಸಿದ್ದ ದ್ರಾವಣದಲ್ಲಿ ಮನುಷ್ಯನ ಕೋಶ ತೊಳೆದಾಗ ಕ್ರೋಮೋಸೋಮ್‌ಗಳು ಅಚ್ಚುಕಟ್ಟಾಗಿ ಹರಡಿಕೊಂಡಿದ್ದವು. ಅಲ್ಲಿಯವರೆಗೆ ಮನುಷ್ಯನಿಗೆ 48 ಅಂತ ನಂಬಿದ್ದರು. ಈ ವಿಧಾನ ಕೈಗೆ ಬಂದ ಮೇಲೆ 1956ರಲ್ಲಿ ತ್ಯೋ ಮತ್ತು ಲೆವಾನ್ ಅದು 46 ಅಂತ ತೋರಿಸಿದರು. ನಮ್ಮದೇ ಕ್ರೋಮೋಸೋಮನ್ನು ಅಷ್ಟು ವರ್ಷ ತಪ್ಪು ಎಣಿಸಿದ್ದೆವು ಅಂದರೆ ಬಳಚಿನದನ್ನು ಎಷ್ಟು ಹುಷಾರಾಗಿ ಎಣಿಸಬೇಕು, ಅಲ್ವಾ?

ಎಲ್ಲ ಕಡೆ ಬಳಸುವ ಪಾಕ: ನೂರಕ್ಕೆ 0.9ರ ಸೋಡಿಯಂ ಸಿಟ್ರೇಟ್, 30 ನಿಮಿಷ. ಫ್ರಾನ್ಸಿನ ವಿಲ್‌ಫ್ರಾಂಷ್ ಕಡಲ ಪ್ರಯೋಗಾಲಯದ ಕ್ಯಾಥರೀನ್ ಥಿರಿಯೊ-ಕಿಯೆವ್ರೊ ಮತ್ತು ಜೊತೆಗಾರರು 1982ರಲ್ಲಿ ಬಳಸಿದ್ದು ಇದನ್ನೇ. ಇಲ್ಲಿ ಹೇಳಿದ ಅಳತೆಗಳಲ್ಲಿ ಬಹುಪಾಲು ಅವರ ವಿಧಾನದವು. ಸಿಟ್ರೇಟ್ ಇಲ್ಲದಿದ್ದರೆ ಒಂದು ಪಾಲು ಸಮುದ್ರದ ನೀರಿಗೆ ಮೂರು ಪಾಲು ಡಿಸ್ಟಿಲ್ಡ್ ನೀರು ಬೆರೆಸಿದರೂ ಕೆಲಸವಾಗುತ್ತದೆ.

ಆದರೆ ನಮ್ಮ ಕರಾವಳಿಯಲ್ಲಿ ಈ 30 ನಿಮಿಷವನ್ನು ಕಣ್ಣುಮುಚ್ಚಿ ನಂಬಬೇಡಿ. ಬಳಚಿನ ದೇಹ ಹೊರಗಿನ ನೀರಿನ ಉಪ್ಪನ್ನೇ ಅನುಸರಿಸುತ್ತದೆ. ಬೇಸಿಗೆಯ ಉಪ್ಪು ನೀರಿನಲ್ಲಿದ್ದ ಬಳಚಿನ ಕೋಶಕ್ಕೆ ಸಿಟ್ರೇಟ್ ದ್ರಾವಣ ತುಂಬಾ ತೆಳು, ಸಮುದ್ರದ ನೀರಿನ ಸಾಂದ್ರತೆಯ ಸುಮಾರು ಎಂಟನೇ ಒಂದು ಭಾಗ. ಕೋಶ ಚೆನ್ನಾಗಿ ಊದುತ್ತದೆ. ಅದೇ ಬಳಚು ಜುಲೈ ತಿಂಗಳಿನದಾದರೆ? ಅದರ ಕೋಶದ ಒಳಗೂ ಉಪ್ಪು ಕಮ್ಮಿ. ವ್ಯತ್ಯಾಸ ಸಣ್ಣದು, ಊದುವುದೂ ಕಮ್ಮಿ. ಬೇಸಿಗೆಯಲ್ಲಿ ಸರಿಯಾಗಿ ಬಂದ ಪಾಕ ಮಳೆಗಾಲದಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಬಳಚು ತಂದ ಜಾಗದ ಉಪ್ಪಿನಂಶ ಬರೆದಿಡಿ ಅಂದದ್ದು ಇದಕ್ಕೇ.

ಹಾಗಾಗಿ ಪ್ರತಿ ಸಲ ಹೊಸ ಬಳಚು ಬಂದಾಗ ಹೀಗೆ ಮಾಡಿ. ಒಂದೇ ಬಳಚಿನ ಕಿವಿರನ್ನು ನಾಲ್ಕು ತುಂಡು ಮಾಡಿ. ಒಂದನ್ನು 10 ನಿಮಿಷ, ಒಂದನ್ನು 20, ಒಂದನ್ನು 30, ಒಂದನ್ನು 45 ನಿಮಿಷ ದ್ರಾವಣದಲ್ಲಿಡಿ. ನಾಲ್ಕನ್ನೂ ಬೇರೆ ಬೇರೆ ಸ್ಲೈಡ್ ಮಾಡಿ ನೋಡಿ. ಕ್ರೋಮೋಸೋಮ್‌ಗಳು ಮುದ್ದೆಯಾಗಿ ಅಂಟಿಕೊಂಡಿದ್ದರೆ ಹೊತ್ತು ಸಾಲದು. ಅರ್ಧ ಕ್ರೋಮೋಸೋಮ್‌ಗಳು ಎಲ್ಲೋ ಚೆಲ್ಲಾಡಿದ್ದರೆ ಕೋಶ ಒಡೆದಿದೆ, ಹೊತ್ತು ಜಾಸ್ತಿಯಾಗಿದೆ. ಒಂದು ಬಳಚು ಇದಕ್ಕೆ ಹೋದರೂ ಹೋಗಲಿ. ಉಳಿದ ಹತ್ತೊಂಬತ್ತು ಉಳಿಯುತ್ತವೆ.

ಫಿಕ್ಸ್ ಮಾಡುವುದು

ಕೋಶವನ್ನು ಕೆಡದಂತೆ ಇದ್ದ ಹಾಗೇ ಹಿಡಿದಿಡುವುದೇ ಫಿಕ್ಸ್ ಮಾಡುವುದು. ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಗ್ಲೇಶಿಯಲ್ (ನೀರು ಬೆರೆಸದ) ಅಸೆಟಿಕ್ ಆಸಿಡ್. ಆಗಲೇ ಬೆರೆಸಿದ್ದು, ಫ್ರಿಜ್ಜಿನಲ್ಲಿ ತಣ್ಣಗಾದದ್ದು ಇರಬೇಕು. ನಿನ್ನೆಯದು ಬೇಡ. ಅಬ್ಸಲ್ಯೂಟ್ ಎಥನಾಲ್‌ಗೆ ಅಬಕಾರಿ ಪರವಾನಗಿಯ ಓಡಾಟ ಇರುವುದರಿಂದ ಹೆಚ್ಚಿನ ಕಾಲೇಜುಗಳಲ್ಲಿ ಮೆಥನಾಲ್ ಬಳಸುತ್ತಾರೆ. ಕೆಲಸ ಚೆನ್ನಾಗಿಯೇ ಆಗುತ್ತದೆ. ಮೆಥನಾಲ್ ವಿಷ, ಅದರ ಹಬೆ ಕುಡಿಯಬಾರದು, ಕಿಟಕಿ ತೆರೆದಿರಲಿ.

ಮೂರು ಸಲ, ಒಂದೊಂದು ಸಲ 20 ನಿಮಿಷ, ಪ್ರತಿ ಸಲ ಹೊಸ ದ್ರಾವಣ. ಇಲ್ಲಿಗೆ ನಿಲ್ಲಿಸಬೇಕಾದರೆ ನಿಲ್ಲಿಸಬಹುದು. ಮುಚ್ಚಳ ಬಿಗಿಯಾದ ಸೀಸೆಯಲ್ಲಿ ಫ್ರೀಜರಿನಲ್ಲಿಟ್ಟರೆ ತುಂಡುಗಳು ವಾರಗಟ್ಟಲೆ ಇರುತ್ತವೆ.

ಹನಿ ಬಿಡುವುದು

ಕಿವಿರಿನ ಅಕ್ಕಿಕಾಳಿನಷ್ಟು ತುಂಡು ವಾಚ್ ಗ್ಲಾಸಿಗೆ ಹಾಕಿ. ಅರ್ಧಕ್ಕರ್ಧ ನೀರು ಬೆರೆಸಿದ ಅಸೆಟಿಕ್ ಆಸಿಡ್ ಕೆಲವು ಹನಿ. ಸೂಜಿ ತುದಿಯಿಂದ ಮೆಲ್ಲಗೆ ಕುಟ್ಟಿ. ಒಂದೆರಡು ನಿಮಿಷದಲ್ಲಿ ದ್ರವ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗುತ್ತದೆ. ಆ ಮಬ್ಬೇ ನಿಮ್ಮ ಕೋಶಗಳು.

ಸ್ಲೈಡ್ ಮೊದಲೇ ತೊಳೆದು, ಆಲ್ಕೋಹಾಲಿನಲ್ಲಿ ಅದ್ದಿ ಒರೆಸಿರಬೇಕು. ಬೆರಳಿನ ಜಿಡ್ಡು ಇದ್ದರೆ ಹನಿ ಹರಡುವುದಿಲ್ಲ. ಹಾಟ್ ಪ್ಲೇಟನ್ನು 44 ಡಿಗ್ರಿಗೆ ಇಟ್ಟು ಸ್ಲೈಡ್ ಬಿಸಿ ಮಾಡಿ. ಪಿಪೆಟ್ಟಿನಲ್ಲಿ ಆ ಮಬ್ಬು ದ್ರವ ಎಳೆದು, ಸ್ಲೈಡಿನ ಮೇಲೆ ಒಂದು ಹನಿ ಬಿಡಿ. ಹತ್ತು ಎಣಿಸಿ. ಅದೇ ಹನಿಯನ್ನು ವಾಪಸು ಪಿಪೆಟ್ಟಿಗೆ ಎಳೆದುಕೊಳ್ಳಿ. ಹನಿಯಿದ್ದ ಜಾಗದಲ್ಲಿ ತೆಳ್ಳಗೆ ಒಂದು ಉಂಗುರ ಉಳಿಯುತ್ತದೆ, ಮಳೆನೀರು ಒಣಗಿದ ಗಾಜಿನ ಮೇಲೆ ಉಳಿಯುವ ಕಲೆಯ ಹಾಗೆ. ಒಂದು ಸ್ಲೈಡಿನಲ್ಲಿ ಮೂರ್ನಾಲ್ಕು ಉಂಗುರ ಮಾಡಬಹುದು. ಚೆನ್ನಾಗಿ ಹರಡಿದ ಕೋಶಗಳು ಹೆಚ್ಚಾಗಿ ಈ ಉಂಗುರದ ಗೆರೆಯ ಮೇಲೇ ಇರುತ್ತವೆ, ಹುಡುಕುವ ಕೆಲಸ ಅರ್ಧ ಕಮ್ಮಿ.

ಗಾಳಿಯ ತೇವವೂ ಇಲ್ಲಿ ಆಟ ಆಡುತ್ತದೆ. ಒಣ ಹವೆಯಲ್ಲಿ ಹನಿ ಬೇಗ ಆರಿ ಕ್ರೋಮೋಸೋಮ್ ಬಿಚ್ಚಿಕೊಳ್ಳುವುದೇ ಇಲ್ಲ. ಮಳೆಗಾಲದ ಜಿಗುಟು ಹವೆಯಲ್ಲಿ ಅತಿಯಾಗಿ ಹರಡಿ ಒಂದು ಕೋಶದ್ದು ಇನ್ನೊಂದರ ಜಾಗಕ್ಕೆ ಹೋಗುತ್ತದೆ. ತಾಪ ಎರಡು ಡಿಗ್ರಿ ಆಚೀಚೆ ಮಾಡಿ ನೋಡಿ.

ಬಣ್ಣ

ಕ್ರೋಮೋಸೋಮಿಗೆ ಕನ್ನಡದಲ್ಲಿ ವರ್ಣತಂತು ಅನ್ನುವುದು ಅದು ಬಣ್ಣ ಹೀರುವುದರಿಂದ. ಗೀಮ್ಸಾ ಬಣ್ಣ ನೂರಕ್ಕೆ 4, ಪಿಎಚ್ 6.8ರ ಫಾಸ್ಫೇಟ್ ಬಫರಿನಲ್ಲಿ, 10 ನಿಮಿಷ. ನಲ್ಲಿ ನೀರು ಬೇಡ. ಬಣ್ಣದ ಮೇಲೆ ಕಟ್ಟುವ ಹೊಳೆಯುವ ಕೆನೆ ಸ್ಲೈಡಿಗೆ ಅಂಟಿದರೆ ಕಪ್ಪು ಚುಕ್ಕೆಗಳಾಗುತ್ತವೆ, ಆ ಚುಕ್ಕೆ ಕ್ರೋಮೋಸೋಮಿನಷ್ಟೇ ದೊಡ್ಡದು. ಆದ್ದರಿಂದ ಸ್ಲೈಡನ್ನು ಮೇಲೆತ್ತುವ ಮೊದಲು ಜಾಡಿಗೆ ಡಿಸ್ಟಿಲ್ಡ್ ನೀರು ಸುರಿದು ಕೆನೆಯನ್ನು ಹೊರಗೆ ಹರಿಸಿ. ತೊಳೆದು, ನಿಲ್ಲಿಸಿ ಒಣಗಿಸಿ.

ನೋಡುವುದು, ಎಣಿಸುವುದು

ಮೊದಲು 10ರ ಲೆನ್ಸಿನಲ್ಲಿ ಉಂಗುರದ ಗೆರೆ ಹಿಡಿದು ಸಾಗಿ. ದುಂಡು ನ್ಯೂಕ್ಲಿಯಸ್‌ಗಳ ನಡುವೆ ಒಂದು ಕಡೆ ಎಳ್ಳು ಚೆಲ್ಲಿದ ಹಾಗೆ ಕಂಡರೆ ನಿಲ್ಲಿ. ಎಣ್ಣೆ ಹಾಕಿ 100ರ ಲೆನ್ಸಿಗೆ ಬನ್ನಿ. ಬಳಚಿನ ಕ್ರೋಮೋಸೋಮ್ ತೀರಾ ಚಿಕ್ಕದು, ಕೆಲವೇ ಮೈಕ್ರೋಮೀಟರ್ ಉದ್ದ. ಸಾವಿರ ಪಟ್ಟು ದೊಡ್ಡದು ಮಾಡಿದರೂ ಕೆಲವು ಮಿಲಿಮೀಟರ್ ಅಷ್ಟೇ. ಫೋಕಸ್ ತಿರುಪನ್ನು ಬೆರಳ ತುದಿಯಲ್ಲಿ ಹಿಂದೆ ಮುಂದೆ ಮಾಡುತ್ತಾ ಇದ್ದರೆ ಒಂದೊಂದಾಗಿ ಸ್ಪಷ್ಟವಾಗುತ್ತವೆ. ಎರಡು ಎಳೆ, ನಡುವೆ ಸೊಂಟದಂತೆ ಸಣ್ಣಗಾದ ಜಾಗ. ಆ ಸೊಂಟವೇ ಸೆಂಟ್ರೋಮಿಯರ್. ಮೊದಲ ಸಲ ಅದು ಕಂಡ ದಿನ ನಾನು ಊಟದ ಹೊತ್ತು ಮೀರಿದ್ದು ಗೊತ್ತಾಗದೆ ಕೂತಿದ್ದೆ.

ಕಂಡ ಕೂಡಲೇ ಸ್ಟೇಜಿನ ಅಳತೆಪಟ್ಟಿಯ ಎರಡು ಅಂಕಿ ಬರೆದುಕೊಳ್ಳಿ. ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಫೋಟೋ ತೆಗೆಯಿರಿ. ಎಣಿಸುವುದು ಫೋಟೋದ ಮೇಲೆ, ಒಂದೊಂದಕ್ಕೂ ಗುರುತು ಹಾಕುತ್ತಾ. ಕಣ್ಣಲ್ಲೇ ಎಣಿಸಿದರೆ 37ಕ್ಕೂ 39ಕ್ಕೂ ನಡುವೆ ಮನಸ್ಸು 38ನ್ನೇ ಆರಿಸಿಕೊಳ್ಳುತ್ತದೆ. ನಮಗೆ ಬೇಕಾದ ಸಂಖ್ಯೆ ಮೊದಲೇ ಗೊತ್ತಿದ್ದರೆ ಇನ್ನೂ ಅಪಾಯ. ಆದ್ದರಿಂದ ಅದೇ ಫೋಟೋಗಳನ್ನು ಜಾತಿಯ ಹೆಸರು ಹೇಳದೆ ಇನ್ನೊಬ್ಬರ ಕೈಗೆ ಕೊಟ್ಟು ಎಣಿಸಿ. ನಮ್ಮ ತರಗತಿಯಲ್ಲಿ ಎರಡು ಲೆಕ್ಕ ತಾಳೆಯಾಗದ ಫೋಟೋವನ್ನು ಪಕ್ಕಕ್ಕಿಡುತ್ತೇವೆ.

ಒಂದು ಬಳಚಿನಿಂದ ಹತ್ತು ಕೋಶ, ಹೀಗೆ ಐದಾರು ಬಳಚು ಆದರೂ ಇರಲಿ. ಎಲ್ಲ ಕೋಶಗಳಲ್ಲೂ 38 ಬರುವುದಿಲ್ಲ. 37, 36 ಕಾಣುವುದು ಸಾಮಾನ್ಯ, ಹನಿ ಹರಡುವಾಗ ಒಂದೆರಡು ಕಳೆದುಹೋಗುತ್ತವೆ. 39, 40 ಅಪರೂಪ, ಪಕ್ಕದ ಕೋಶದ್ದು ಬಂದು ಸೇರಿರುತ್ತದೆ. ಅತಿ ಹೆಚ್ಚು ಸಲ ಬಂದ ಸಂಖ್ಯೆಯೇ ಆ ಜಾತಿಯದು. ಆದರೆ ಕಡಿಮೆ ಬಂದ ಕೋಶಗಳನ್ನೂ ಪಟ್ಟಿಯಲ್ಲಿ ಬರೆಯಿರಿ, ಅಡಗಿಸಬೇಡಿ. ಒಂದೇ ಬಳಚಿನಲ್ಲಿ ಮಾತ್ರ ಮತ್ತೆ ಮತ್ತೆ ವಿಚಿತ್ರ ಸಂಖ್ಯೆ ಬಂದರೆ ಅದು ನಿಮ್ಮ ಕೈತಪ್ಪಲ್ಲದೆ ಆ ಪ್ರಾಣಿಯ ಕಥೆ ಇರಬಹುದು.

ಜೋಡಿ ಹಾಕುವುದು

ಚೆನ್ನಾಗಿ ಹರಡಿದ ಹತ್ತು ಕೋಶದ ಫೋಟೋ ಆರಿಸಿ. ಇಮೇಜ್‌ಜೆ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಪ್ರತಿ ಕ್ರೋಮೋಸೋಮಿನ ಚಿಕ್ಕ ತೋಳು, ದೊಡ್ಡ ತೋಳು ಅಳೆಯಿರಿ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ. 1964ರಲ್ಲಿ ಲೆವಾನ್, ಫ್ರೆಡ್ಗಾ, ಸ್ಯಾಂಡ್‌ಬರ್ಗ್ ಹಾಕಿಕೊಟ್ಟ ಲೆಕ್ಕ ಇಂದಿಗೂ ನಡೆಯುತ್ತಿದೆ. ಮನುಷ್ಯನಿಗೆ 46 ಅಂತ ತೋರಿಸಿದ ಲೆವಾನರೇ ಇವರು. ಭಾಗಲಬ್ಧ 1ರಿಂದ 1.7 ಬಂದರೆ ಸೊಂಟ ನಡುವಿನಲ್ಲಿದೆ, ಅದು ಮೆಟಾಸೆಂಟ್ರಿಕ್. 1.7ರಿಂದ 3 ಸಬ್‌ಮೆಟಾಸೆಂಟ್ರಿಕ್. 3ರಿಂದ 7 ಸಬ್‌ಟೆಲೊಸೆಂಟ್ರಿಕ್. 7 ದಾಟಿದರೆ ಟೆಲೊಸೆಂಟ್ರಿಕ್, ಸೊಂಟ ತುದಿಗೆ ಹೋಗಿದೆ. ಉದಾಹರಣೆಗೆ ತೋಳುಗಳು 1.2 ಮತ್ತು 1.8 ಮೈಕ್ರೋಮೀಟರ್ ಇದ್ದರೆ 1.5, ಮೆಟಾಸೆಂಟ್ರಿಕ್. 0.6 ಮತ್ತು 2.4 ಇದ್ದರೆ 4, ಸಬ್‌ಟೆಲೊಸೆಂಟ್ರಿಕ್.

ಒಂದೇ ಉದ್ದ, ಒಂದೇ ಆಕಾರದ ಎರಡೆರಡನ್ನು ಜೊತೆ ಮಾಡಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಡಿ. 38 ಇದ್ದರೆ 19 ಜೋಡಿ. ಕಾಲ್ಚಿಸಿನ್ ಹೊತ್ತು ಬದಲಾದರೆ ಉದ್ದವೂ ಬದಲಾಗುತ್ತದೆ. ಹಾಗಾಗಿ ಬರೀ ಮೈಕ್ರೋಮೀಟರ್ ಸಾಲದು, ಆ ಕೋಶದ ಒಟ್ಟು ಉದ್ದದಲ್ಲಿ ಆ ಜೋಡಿಯ ಪಾಲು ನೂರಕ್ಕೆ ಎಷ್ಟು ಅಂತಲೂ ಕೊಡಿ. ಗಂಡು ಹೆಣ್ಣಿಗೆ ಬೇರೆ ಆಕಾರದ ಜೋಡಿ ಹುಡುಕುತ್ತಾ ಕೂರಬೇಡಿ, ನಮ್ಮ ಎಕ್ಸ್, ವೈ ತರದ್ದು ಬಳಚಿನಲ್ಲಿ ಕಣ್ಣಿಗೆ ಕಾಣುವುದಿಲ್ಲ.

ಎರಡು ಜೋಡಿ ಒಂದೇ ತರ ಕಂಡು ತಲೆಕೆಟ್ಟರೆ ಬೆಳ್ಳಿ ಬಣ್ಣ ಸಹಾಯ ಮಾಡುತ್ತದೆ. ಸಿಲ್ವರ್ ನೈಟ್ರೇಟ್ ಮತ್ತು ಜೆಲಟಿನ್ ಹನಿ ಹಾಕಿ 70 ಡಿಗ್ರಿಯಲ್ಲಿ ಒಂದೆರಡು ನಿಮಿಷ ಇಟ್ಟರೆ ಸ್ಲೈಡ್ ಜೇನು ಬಣ್ಣಕ್ಕೆ ತಿರುಗುತ್ತದೆ, ರೈಬೋಸೋಮ್ ಜೀನ್‌ಗಳು ಕೆಲಸ ಮಾಡುತ್ತಿದ್ದ ಜಾಗಗಳು ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತವೆ. ಹೊಳೆಯುವ ಡಿಎನ್‌ಎ ತುಣುಕು ಅಂಟಿಸುವ ಫಿಶ್ (FISH) ಅನ್ನುವ ವಿಧಾನಕ್ಕೆ ದುಡ್ಡೂ ಫ್ಲೋರೆಸೆನ್ಸ್ ಮೈಕ್ರೋಸ್ಕೋಪೂ ಬೇಕು. ಅದನ್ನು ದೊಡ್ಡ ಪ್ರಯೋಗಾಲಯದ ಜೊತೆ ಸೇರಿ ಮಾಡಿ.

ಚಿಪ್ಪನ್ನು ಎಸೆಯಬೇಡಿ

ಇದನ್ನು ಕೊನೆಗೆ ಹೇಳುತ್ತಿದ್ದರೂ ಮಾಡಬೇಕಾದದ್ದು ಕಿವಿರು ತೆಗೆದ ದಿನವೇ. ಪ್ರತಿ ಬಳಚಿಗೂ ಒಂದು ಸಂಖ್ಯೆ ಕೊಡಿ. ಎರಡೂ ಚಿಪ್ಪನ್ನು ತೊಳೆದು ಒಣಗಿಸಿ, ಒಳಗಡೆ ಪೆನ್ಸಿಲ್ಲಿನಲ್ಲಿ ಸಂಖ್ಯೆ, ಜಾಗ, ದಿನಾಂಕ ಬರೆಯಿರಿ. ಸ್ಲೈಡಿಗೂ ಅದೇ ಸಂಖ್ಯೆ. ಕಾಲಿನ ಒಂದು ಚೂರು ಮಾಂಸ ಆಲ್ಕೋಹಾಲಿನಲ್ಲಿರಲಿ, ನಾಳೆ ಯಾರಾದರೂ ಡಿಎನ್‌ಎ ನೋಡಬಹುದು. ಈ ಚಿಪ್ಪುಗಳ ಹೆಸರು ಬದಲಾಗುತ್ತಲೇ ಇರುತ್ತದೆ. ನಾವು ಪಾಫಿಯಾ ಮಲಬಾರಿಕ ಅಂತ ಓದಿದ್ದು ಈಗ ಪ್ರೊಟಾಪಿಸ್ ಗ್ಯಾಲಸ್. ಅನಡಾರಾ ಗ್ರನೋಸಾ ಈಗ ಟೆಗಿಲ್ಲಾರ್ಕಾ. ಬರೀ ಹೆಸರು ಬರೆದಿಟ್ಟ ಸ್ಲೈಡು ಇಪ್ಪತ್ತು ವರ್ಷ ಆದ ಮೇಲೆ ಯಾವ ಬಳಚಿನದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಚಿಪ್ಪು ಇದ್ದರೆ ಡಬ್ಬಿಯಿಂದ ತೆಗೆದು, ಬೆಳಕಿಗೆ ಹಿಡಿದು ನೋಡಿ ಹೇಳಬಹುದು.